ಸ್ಟ್ಯಾಫರ್ಡ್ ಗ್ಯಾಂಬಿಟ್: ನಾಲ್ಕು ವರ್ಷ ಬಳಸಿದವನ ಅನಿಸಿಕೆ

ಬೆಲೆ: ಒಂದು ಕಾಲಾಳು. ವಾರಂಟಿ: ಎದುರಾಳಿಗೆ ಗೊತ್ತಾಗುವ ತನಕ.

ಚೆಸ್‌ನಲ್ಲಿ ಗ್ಯಾಂಬಿಟ್ ಅಂದರೆ ಆಟದ ಶುರುವಿನಲ್ಲೇ ಬೇಕಂತಲೇ ಕಾಲಾಳು ಬಿಟ್ಟುಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳೋದು. ಸ್ಟ್ಯಾಫರ್ಡ್ ಕಪ್ಪು ಕಾಯಿಯವರು ಆಡುವಂಥದ್ದು. 2021ರ ಲಾಕ್‌ಡೌನ್‌ನಲ್ಲಿ ಇದನ್ನು ಹಿಡಿದುಕೊಂಡೆ. ಅಮೆರಿಕದ ಇಂಟರ್‌ನ್ಯಾಷನಲ್ ಮಾಸ್ಟರ್ ಎರಿಕ್ ರೋಸೆನ್ ವಿಡಿಯೋಗಳಿಂದ ಆಗ ಇದು ಎಲ್ಲರ ಬಾಯಲ್ಲೂ ಇತ್ತು. ಅವರು ಮೆತ್ತಗೆ ಮಾತಾಡುತ್ತಾ ಎಂಟು ನಡೆಯಲ್ಲಿ ಆಟ ಮುಗಿಸುವುದನ್ನು ನೋಡಿ, ನನಗೂ ಬರುತ್ತೆ ಅನ್ನಿಸಿತು. ನಾಲ್ಕು ವರ್ಷ ಬೆಂಗಳೂರಿನ ಮೆಟ್ರೋದಲ್ಲಿ, ವಿಜಯನಗರದ ಪಾರ್ಕಿನ ಕಲ್ಲು ಬೆಂಚಿನ ಮೇಲೆ, ಕೊನೆಗೆ ರೇಟಿಂಗ್ ಟೂರ್ನಮೆಂಟಿನಲ್ಲೂ ಬಳಸಿದೆ. ಮೂರು ಕಡೆಯೂ ಮೂರು ಥರ ಅನುಭವ.

ಗೊತ್ತಿಲ್ಲದವರಿಗೆ: ಬೋರ್ಡಿನ ಉದ್ದ ಸಾಲುಗಳಿಗೆ ಬಿಳಿಯ ಎಡದಿಂದ ಎ ಇಂದ ಎಚ್‌ವರೆಗೆ ಹೆಸರು, ಮನೆಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಸಂಖ್ಯೆ; ಕಾಯಿಯ ಹೆಸರು ಹೇಳದಿದ್ದರೆ ಅದು ಕಾಲಾಳಿನ ನಡೆ. ಬಿಳಿ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಎಫ್6. ಇಲ್ಲಿವರೆಗೆ ಇದು ಪೆಟ್ರೋವ್ ಡಿಫೆನ್ಸ್, ದೊಡ್ಡ ದೊಡ್ಡವರೇ ಆಡುವ ಗಟ್ಟಿ ಸರಕು. ಬಿಳಿ ಕುದುರೆ ಇ5ರ ಕಾಲಾಳನ್ನು ತಿನ್ನುತ್ತದೆ. ಮರ್ಯಾದಸ್ಥರು ಈಗ ಡಿ6 ಆಡಿ ಕುದುರೆಯನ್ನು ಓಡಿಸಿ, ಆಮೇಲೆ ಇ4 ಕಾಲಾಳನ್ನು ವಾಪಸ್ ತಗೋತಾರೆ. ಸ್ಟ್ಯಾಫರ್ಡ್‌ನವರು ಇನ್ನೊಂದು ಕುದುರೆಯನ್ನು ಸಿ6ಗೆ ತರುತ್ತಾರೆ. ಬಿಳಿ ಅದನ್ನು ಹೊಡೆದರೆ ಡಿ ಕಾಲಾಳಿನಿಂದ ತಿರುಗಿ ಹೊಡೆಯುವುದು. ಕಾಲಾಳು ಹೋಯಿತು. ಸಿ ಸಾಲಿನಲ್ಲಿ ಎರಡು ಕಾಲಾಳು ಒಂದರ ಹಿಂದೆ ಒಂದು ನಿಂತವು. ಬದಲಿಗೆ ಸಿಕ್ಕಿದ್ದೇನು? ಎರಡೂ ಒಂಟೆಗಳಿಗೆ ದಾರಿ, ರಾಣಿಗೆ ಡಿ ಸಾಲು, ಎಫ್2 ಮೇಲೆ ಕಣ್ಣು. ಅಷ್ಟೇ.

ಆ ಅಷ್ಟೇ ಸಾಕು ಅನ್ನಿಸುವ ದಿನಗಳಿವೆ. ಬಿಳಿ ಡಿ3 ಆಡುತ್ತದೆ, ಸರಿಯಾದ ನಡೆಯೇ. ಕಪ್ಪು ಒಂಟೆ ಸಿ5ಗೆ ಬರುತ್ತದೆ. ಈಗ ಬಿಳಿಯವನು ಏನೂ ಯೋಚಿಸದೆ ಒಂಟೆಯನ್ನು ಜಿ5ಗೆ ತರುತ್ತಾನೆ. ಎಫ್6ರ ಕುದುರೆ ಅಲ್ಲಾಡಿದರೆ ಹಿಂದಿರುವ ರಾಣಿ ಹೋಯಿತು ಅಂತ ಅವನ ಲೆಕ್ಕ. ನಾವು ಕುದುರೆಯನ್ನೇ ಎತ್ತಿ ಇ4 ಕಾಲಾಳನ್ನು ಹೊಡೆಯುತ್ತೇವೆ. ಅವನು ಖುಷಿಯಲ್ಲಿ ರಾಣಿ ತಿನ್ನುತ್ತಾನೆ. ನಮ್ಮ ಒಂಟೆ ಎಫ್2ರಲ್ಲಿ ಚೆಕ್. ರಾಜನಿಗೆ ಇ2 ಬಿಟ್ಟರೆ ಬೇರೆ ಮನೆಯಿಲ್ಲ. ಇನ್ನೊಂದು ಒಂಟೆ ಜಿ4ಗೆ, ಚೆಕ್‌ಮೇಟ್. ರಾಣಿ ಬೋರ್ಡಿನ ಪಕ್ಕದಲ್ಲಿ ಮಲಗಿರುತ್ತದೆ, ಎರಡು ಒಂಟೆ ಒಂದು ಕುದುರೆ ಸೇರಿ ಕೆಲಸ ಮುಗಿಸಿರುತ್ತವೆ. ಸಾಕ್ಷಾತ್ ಖೆಡ್ಡಾ. ಮೊದಲ ಸಲ ಇದು ಬಿದ್ದಾಗ ರಾತ್ರಿ ಒಂದೂವರೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಆ ತಪ್ಪನ್ನು ನೀವು ಮಾಡಬೇಡಿ.

ಬಿಳಿ ಡಿ3 ಬಿಟ್ಟು ಇ5 ಅಂತ ಕಾಲಾಳು ನೂಕಿ ಕುದುರೆಯನ್ನು ಅಟ್ಟಿದರೆ ಇನ್ನೊಂದು ಗುಂಡಿ ಇದೆ. ಕುದುರೆ ಇ4ಗೆ ಹಾರುತ್ತದೆ. ಅದನ್ನು ಓಡಿಸಲು ಡಿ3 ಆಡಿದರೆ ನಾವು ಕುದುರೆ ಬಿಟ್ಟು ಒಂಟೆಯನ್ನು ಸಿ5ಗೆ ತರುತ್ತೇವೆ. ಅವನು ಕುದುರೆ ತಿಂದರೆ ಎಫ್2ರಲ್ಲಿ ಒಂಟೆಯ ಚೆಕ್, ರಾಜ ಅದನ್ನು ಹೊಡೆದ ಕ್ಷಣ ಡಿ1ರ ರಾಣಿ ನಮ್ಮದು.

ಈಗ ಮೆಟ್ರೋ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಶುರುವಾದ ಮೇಲೆ ನಾನು ವಿಜಯನಗರದಲ್ಲಿ ಹತ್ತಿ ಕುಂದಲಹಳ್ಳಿಯಲ್ಲಿ ಇಳಿಯುತ್ತೇನೆ. ನಿಂತುಕೊಂಡೇ ಫೋನಿನಲ್ಲಿ ಮೂರು ನಿಮಿಷದ ಆಟ. ಇಲ್ಲಿ ಸ್ಟ್ಯಾಫರ್ಡ್‌ಗೆ ಸಾಟಿಯಿಲ್ಲ. ಎದುರಾಳಿಗೂ ಯೋಚಿಸಲು ಹೊತ್ತಿಲ್ಲ, ಕೈ ಅಭ್ಯಾಸದಲ್ಲಿ ಆಡುತ್ತಾನೆ. ಅಭ್ಯಾಸದ ನಡೆಗಳನ್ನೇ ಈ ಗ್ಯಾಂಬಿಟ್ ಶಿಕ್ಷಿಸೋದು. ಬೇಗ ಕೋಟೆ ಕಟ್ಟಿಕೊಳ್ಳುವವನಿಗೂ (ಕ್ಯಾಸ್ಲಿಂಗ್, ಅಂದರೆ ರಾಜನನ್ನು ಆನೆಯ ಪಕ್ಕಕ್ಕೆ ಸರಿಸಿ ಭದ್ರ ಮಾಡಿಕೊಳ್ಳುವವನಿಗೂ) ಕಷ್ಟ. ನಾವು ಎಚ್5 ಆಡಿ ಕುದುರೆಯನ್ನು ಜಿ4ರಲ್ಲಿ ಕೂರಿಸಿರುತ್ತೇವೆ. ಅದನ್ನು ಎಚ್ ಕಾಲಾಳಿನಿಂದ ಹೊಡೆದರೆ ಎಚ್ ಸಾಲು ತೆರೆದು ನಮ್ಮ ಆನೆ ನೇರ ರಾಜನ ಮನೆ ಬಾಗಿಲಿಗೆ. ಒಂದೇ ದೂರು: ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್‌ವರೆಗೆ ನೆಲದಡಿಯಲ್ಲಿ ನನ್ನ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಗೆದ್ದ ಆಟಗಳನ್ನು ಹಾಗೆ ಕಳಕೊಂಡಿದ್ದೇನೆ. ಅದು ಗ್ಯಾಂಬಿಟ್ ತಪ್ಪಲ್ಲ.

ಪಾರ್ಕಿನ ಕಥೆ ಬೇರೆ. ಅಲ್ಲಿ ಭಾನುವಾರ ಬೆಳಿಗ್ಗೆ ಒಬ್ಬ ರಾಯರು ಸಿಗುತ್ತಾರೆ, ಬ್ಯಾಂಕಿನಿಂದ ನಿವೃತ್ತರು. ರಾಣಿಯನ್ನು ಇವತ್ತಿಗೂ ಮಂತ್ರಿ ಅಂತಲೇ ಕರೆಯುತ್ತಾರೆ. ನಾನು ಮೊದಲ ಸಲ ಆಡಿದಾಗ, "ಏನಪ್ಪಾ, ಬೋಣಿಗೇ ಒಂದು ಕಾಲಾಳು ಧರ್ಮಕ್ಕೆ ಕೊಟ್ಟೆ?" ಅಂದರು. ಆಮೇಲೆ ಸೋತರು. ಮುಂದಿನ ಎರಡು ವಾರವೂ ಸೋತರು. ನಾಲ್ಕನೇ ವಾರ ಡಿ3 ಆಡಿದರು, ಒಂಟೆಯನ್ನು ಜಿ5ಗೆ ತರಲಿಲ್ಲ, ಮೆಲ್ಲಗೆ ಇ2ರಲ್ಲಿಟ್ಟರು. ನಾನು ಎಚ್5 ಆಡಿದೆ. ಅವರು ಕೋಟೆ ಕಟ್ಟಲಿಲ್ಲ, ಸಿ3 ಆಡಿದರು. ಆಮೇಲೆ ಡಿ4. ನನ್ನ ಸಿ5 ಒಂಟೆ, ಇಡೀ ಅಂಗಡಿಯ ಬಂಡವಾಳವೇ ಅದು, ಬಾಲ ಮುದುರಿಕೊಂಡು ಹಿಂದೆ ಸರಿಯಿತು. ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಯಾರೂ ಇಲ್ಲಪ್ಪಾ. ರಾತ್ರಿ ಬೋರ್ಡ್ ಇಟ್ಕೊಂಡು ಕೂತೆ. ನಿನ್ನ ಒಂಟೆ ಮುಂದೆ ಗೋಡೆ ಕಟ್ಟಿದ್ರೆ ನಿನ್ನ ಹತ್ರ ಇನ್ನೇನೂ ಇರಲ್ಲ ಅಂತ ಗೊತ್ತಾಯ್ತು."

ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಸ್ಟಾಕ್‌ಫಿಶ್ ಹೇಳೋದೂ ಅದನ್ನೇ. ನನ್ನ ಫೋನಿನಲ್ಲಿ ಹಾಕಿ ನೋಡಿದರೆ ಬಿಳಿ ಸುಮಾರು ಎರಡು ಕಾಲಾಳಿನಷ್ಟು ಮುಂದೆ ಅಂತ ತೋರಿಸುತ್ತದೆ. ನಾವು ಕೊಟ್ಟಿದ್ದು ಒಂದು, ಲೆಕ್ಕದಲ್ಲಿ ಹೋಗಿದ್ದು ಎರಡು! ಕಪ್ಪಿಗೆ ಎಲ್ಲ ಗ್ಯಾಂಬಿಟ್ಟೂ ಹೀಗೇ ಅಂತಲ್ಲ. ರೂಯ್ ಲೋಪೆಜ್ ಅನ್ನುವ ಆರಂಭದಲ್ಲಿ ಕಪ್ಪು ಆಡುವ ಮಾರ್ಷಲ್ ಅಟ್ಯಾಕ್ ನೋಡಿ. 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕದ ಆಟಗಾರ ಮಾರ್ಷಲ್ ಅದನ್ನು ಮುಂದೆ ವಿಶ್ವ ಚಾಂಪಿಯನ್ ಆದ ಕಾಪಾಬ್ಲಾಂಕಾ ಮೇಲೆ ಆಡಿ ಸೋತರು. ಆದರೂ ನೂರು ವರ್ಷದ ಮೇಲೂ ಜಗತ್ತಿನ ಮೇಲ್ಪಂಕ್ತಿಯವರು ಅದನ್ನು ಆಡುತ್ತಾರೆ, ಯಾಕೆಂದರೆ ಬಿಳಿ ಎಲ್ಲ ಸರಿಯಾಗಿ ಆಡಿದರೂ ಕೊಟ್ಟ ಕಾಲಾಳಿಗೆ ತಕ್ಕ ಒತ್ತಡ ಉಳಿಯುತ್ತದೆ. ಕಪ್ಪಿನ ಇನ್ನೊಂದು ಗ್ಯಾಂಬಿಟ್ ಆದ ಬೆಂಕೋದಲ್ಲಿ ಎ ಮತ್ತು ಬಿ ಸಾಲುಗಳಲ್ಲಿ ಆನೆಗಳು ಇಪ್ಪತ್ತು ನಡೆ ಆದರೂ ಕಾಟ ಕೊಡುತ್ತಲೇ ಇರುತ್ತವೆ. ಅಲ್ಲಿ ಕೊಟ್ಟ ದುಡ್ಡಿಗೆ ಬಡ್ಡಿ ಬರುತ್ತದೆ. ಸ್ಟ್ಯಾಫರ್ಡ್‌ನಲ್ಲಿ ಎದುರಾಳಿ ಎಡವಿದರೆ ಲಾಟರಿ, ಎಡವದಿದ್ದರೆ ಅಸಲೂ ಇಲ್ಲ.

ಇದೆಲ್ಲ ಗೊತ್ತಿದ್ದೂ ಟೂರ್ನಮೆಂಟಿನಲ್ಲಿ ಆಡಿದೆ. 2024ರ ಮಾರ್ಚ್‌ನಲ್ಲಿ ಫಿಡೆಯವರು (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) 2000ಕ್ಕಿಂತ ಕೆಳಗಿನವರ ರೇಟಿಂಗನ್ನೆಲ್ಲ, ಅಂದರೆ ಆಟಗಾರನ ಬಲ ಅಳೆಯುವ ಅಂಕವನ್ನು, ಏರಿಸಿ, ಕನಿಷ್ಠ ಮಿತಿಯನ್ನು 1400 ಮಾಡಿದ್ದರು. ಪುಕ್ಕಟೆ ಏರಿದ ರೇಟಿಂಗ್ ನೋಡಿ ನನಗೆ ಧೈರ್ಯ ಜಾಸ್ತಿ ಬಂದಿತ್ತು. ತೊಂಬತ್ತು ನಿಮಿಷದ ಆಟ. ಎದುರಿಗೆ ಹತ್ತು ಹನ್ನೊಂದು ವರ್ಷದ ಹುಡುಗಿ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ಕುದುರೆಯನ್ನು ಸಿ6ಗೆ ಇಟ್ಟಾಗ ಅವಳು ನನ್ನ ಮುಖ ನೋಡಿದಳು. ಹನ್ನೆರಡು ನಿಮಿಷ ಯೋಚಿಸಿದಳು. ಕುದುರೆ ಹೊಡೆದು, ಸ್ಕೋರ್‌ಶೀಟಿನಲ್ಲಿ ಗುಂಡಗೆ ಬರೆದು, ವಾಟರ್ ಬಾಟಲ್ ಮುಚ್ಚಳ ತೆಗೆದಳು. ಆಮೇಲೆ ಡಿ3, ಒಂಟೆ ಇ2, ಸಿ3. ರಾಯರ ನಡೆಗಳೇ! ನನ್ನ ಹತ್ತಿರ ಒಂದು ಗಂಟೆಗೂ ಮೇಲೆ ಸಮಯವಿತ್ತು, ಮಾಡಲು ಏನೂ ಇರಲಿಲ್ಲ. ನಲವತ್ತನೇ ನಡೆಯ ಹೊತ್ತಿಗೆ ಆನೆಗಳ ಅಂತ್ಯದಾಟ, ಅವಳಿಗೆ ಒಂದು ಕಾಲಾಳು ಜಾಸ್ತಿ. ಅದೇ ಕಾಲಾಳು, ನಾನು ಮೂರನೇ ನಡೆಯಲ್ಲಿ ಧರ್ಮಕ್ಕೆ ಕೊಟ್ಟಿದ್ದು. ಸಿ ಸಾಲಿನ ಜೋಡಿ ಕಾಲಾಳುಗಳು ಕೊನೆವರೆಗೂ ಒಂದಕ್ಕೊಂದು ದಾರಿ ಬಿಡಲಿಲ್ಲ.

ಇನ್ನೊಂದು ಕೊರತೆ ಯಾರೂ ಮೊದಲೇ ಹೇಳೋದಿಲ್ಲ. ಇದು ಸಿಗೋದೇ ಅಪರೂಪ. ಬಿಳಿ ಮೊದಲ ನಡೆಗೆ ಡಿ4 ಆಡಿದರೆ ಇಲ್ಲ. ಎರಡನೇ ನಡೆಗೆ ಒಂಟೆ ಸಿ4ಗೆ ಬಂದರೆ ಇಲ್ಲ. ಮೂರನೇ ನಡೆಗೆ ಇ5 ಕಾಲಾಳನ್ನು ಮುಟ್ಟದೆ ಡಿ4 ಆಡಿದರೂ ಇಲ್ಲ. ಹಾಗಾಗಿ ಬೇರೆಯದನ್ನು ಹೇಗೂ ಕಲಿಯಲೇಬೇಕು. ನಾನು ಕಲಿತಿರಲಿಲ್ಲ. ಟ್ರ್ಯಾಪ್‌ಗಳೆಲ್ಲ ಬಾಯಿಪಾಠ, ಮಾಮೂಲಿ ಪೆಟ್ರೋವ್ ಮಾತ್ರ ಗೊತ್ತಿಲ್ಲ.

ಮೂರು ನಿಮಿಷದ ಆಟಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ತೊಂಬತ್ತು ನಿಮಿಷಕ್ಕೆ ಒಂದು, ಅದೂ ಹಳೇ ಸ್ನೇಹಕ್ಕೆ. ಈಗ ಟೂರ್ನಮೆಂಟಿನಲ್ಲಿ ಮೂರನೇ ನಡೆಗೆ ಡಿ6 ಆಡುತ್ತೇನೆ. ರಾಯರ ಜೊತೆಗೂ ಅದನ್ನೇ ಆಡುತ್ತೇನೆ, ಅವರಿಗೆ ಮಾತ್ರ ಬೇಜಾರು. "ಆ ಧರ್ಮದ ಕಾಲಾಳು ಎಲ್ಲಪ್ಪಾ?" ಅಂತ ವಾರ ವಾರ ಕೇಳುತ್ತಾರೆ.