ಅಪ್ಪನ ಬುಲೆಟ್‌ನ ಕ್ಲಚ್ ಮತ್ತು ಕುಂಜಿಬೆಟ್ಟಿನ ಗ್ಯಾರೇಜ್

ಉಡುಪಿ ಕಡೆ ಹಳೆ ಬುಲೆಟ್ ಇಟ್ಟುಕೊಂಡವರು, ಅದರಲ್ಲೂ ಬಲಗಾಲಲ್ಲಿ ಗೇರ್ ಹಾಕುವ ನಾಲ್ಕು ಗೇರಿನ ಗಾಡಿ ಇರುವವರು ಇದನ್ನು ಪೂರ್ತಿ ಓದಿ. ಕುಂಜಿಬೆಟ್ಟಿನ ಒಳರಸ್ತೆಯಲ್ಲಿ ಒಂದು ಸಣ್ಣ ಗ್ಯಾರೇಜ್ ಉಂಟು. ಬೋರ್ಡ್ ಇಲ್ಲ. ಹೆಸರು ಹಾಕಬೇಡಿ, ಈಗಲೇ ಕೈತುಂಬ ಕೆಲಸ ಇದೆ ಅಂತ ಅವರೇ ಹೇಳಿದ್ದರಿಂದ ನಾನೂ ಹಾಕುವುದಿಲ್ಲ. ಹಳೆ ಬುಲೆಟ್ ರಿಪೇರಿ ಎಲ್ಲಿ ಅಂತ ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ಗಾಡಿ ಅಪ್ಪನದು, 1986ರ 350. ಅಪ್ಪ ಅದರಲ್ಲೇ ದಿನಾ ಮಲ್ಪೆಗೆ ಹೋಗಿ ಬರುತ್ತಿದ್ದರು. ಅವರು ಹೋದ ಮೇಲೆ ಹನ್ನೆರಡು ವರ್ಷ ಕೊಟ್ಟಿಗೆಯಲ್ಲಿ ತೆಂಗಿನ ಮಡಲಿನ ಪಕ್ಕ ನಿಂತಿತ್ತು. ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಕಡೆ ಕೊಟ್ಟು ಪೂರ್ತಿ ಹೊಸತು ಮಾಡಿಸಿದೆ. ಒಂದು ಲಕ್ಷಕ್ಕಿಂತ ಜಾಸ್ತಿ ಖರ್ಚಾಯಿತು. ಪೈಂಟ್, ಕ್ರೋಮ್, ಟ್ಯಾಂಕಿನ ಮೇಲಿನ ಚಿನ್ನದ ಗೆರೆ ಎಲ್ಲಾ ಚೆನ್ನಾಗಿ ಬಂತು. ಅಮ್ಮ ನೋಡಿ ಕಣ್ಣು ಒರೆಸಿಕೊಂಡರು. ಆದರೆ ಕ್ಲಚ್ ಮಾತ್ರ ಮೊದಲ ದಿನದಿಂದಲೂ ಸರಿ ಇರಲಿಲ್ಲ.

ತೊಂದರೆ ಎರಡು ಥರ. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ, ಅದರಲ್ಲೂ ಹಿಂದೆ ಯಾರಾದರೂ ಕೂತಿದ್ದರೆ, ಆಕ್ಸಿಲರೇಟರ್ ತಿರುಗಿಸಿದಷ್ಟೂ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಜಾರುವುದು ಅಂದರೆ ಇದು. ಬೆಳಿಗ್ಗೆ ತಣ್ಣಗಿದ್ದಾಗ ಇದರ ಉಲ್ಟಾ. ಕ್ಲಚ್ ಪೂರ್ತಿ ಹಿಡಿದಿದ್ದರೂ ಫಸ್ಟ್ ಗೇರ್ ಹಾಕಿದ ಕೂಡಲೇ ಠಣ್ ಅಂತ ಸದ್ದಾಗಿ ಗಾಡಿ ಮುಂದೆ ಹಾರುತ್ತಿತ್ತು. ಕಲ್ಸಂಕದಲ್ಲಿ ನಿಂತಾಗ ನ್ಯೂಟ್ರಲ್ ಸಿಗುತ್ತಲೇ ಇರಲಿಲ್ಲ. ಈ ಗಾಡಿಗಳಲ್ಲಿ ನ್ಯೂಟ್ರಲ್‌ಗೆ ಅಂತಲೇ ಒಂದು ಸಣ್ಣ ಲಿವರ್ ಇರುತ್ತದಲ್ವಾ, ಅದನ್ನು ಹಿಮ್ಮಡಿಯಲ್ಲಿ ಒತ್ತಿದರೆ ಸೆಕೆಂಡ್, ಥರ್ಡ್, ಟಾಪ್ ಯಾವುದರಲ್ಲಿದ್ದರೂ ನೇರ ನ್ಯೂಟ್ರಲ್‌ಗೆ ಬರುತ್ತದೆ. ಫಸ್ಟ್‌ನಿಂದ ಮಾತ್ರ ಬರುವುದಿಲ್ಲ. ಹಾಗಾಗಿ ಎರಡು ವರ್ಷ ನಾನು ಎಲ್ಲೇ ನಿಲ್ಲಿಸಬೇಕಿದ್ದರೂ ಸೆಕೆಂಡ್‌ನಲ್ಲೇ ಬಂದು ಆ ಲಿವರ್ ಒತ್ತುತ್ತಿದ್ದೆ.

ಹೊಸತು ಮಾಡಿಕೊಟ್ಟವರ ಹತ್ತಿರ ಮೂರು ಸಲ ಹೋದೆ. ಮೂರು ಸಲವೂ ಕೇಬಲ್ ಎಳೆದು ಟೈಟ್ ಮಾಡಿ ಕಳಿಸಿದರು. ಗೇರ್ ಬೀಳುವುದು ಒಂದು ವಾರ ಸ್ವಲ್ಪ ಸುಲಭ ಆಗುತ್ತಿತ್ತು, ಆದರೆ ಏರಿನಲ್ಲಿ ಜಾರುವುದು ಇನ್ನೂ ಜಾಸ್ತಿ ಆಗುತ್ತಿತ್ತು. ಯಾಕೆ ಅಂತ ಆಗ ನನಗೆ ಗೊತ್ತಿರಲಿಲ್ಲ, ಅವರೂ ಹೇಳಲಿಲ್ಲ.

ಕುಂಜಿಬೆಟ್ಟಿನವರು ಅರವತ್ತು ದಾಟಿದವರು. "ಎಂತ ಆಗ್ತದೆ?" ಅಂದರು. ಕ್ಲಚ್ ಪ್ಲೇಟ್ ಹೋಗಿದೆ ಅಣ್ಣಾ, ಹಾಕಿ ಕೊಡಿ ಅಂದೆ. "ಪ್ಲೇಟ್ ಹೋದದ್ದು ಹೇಗೆ ಗೊತ್ತಾಯ್ತು ಮಾರಾಯ್ರೆ, ಒಳಗೆ ನೋಡಿದ್ರಾ?" ಅಂತ ಮೆತ್ತಗೆ ಕೇಳಿದರು. ಸ್ಪ್ಯಾನರ್ ಮುಟ್ಟಲೇ ಇಲ್ಲ. ಗಾಡಿ ಸ್ಟ್ಯಾಂಡ್ ಹಾಕಿ, ಡಿಕಂಪ್ರೆಸರ್ (ಎಂಜಿನ್ ಒಳಗಿನ ಒತ್ತಡ, ಅಂದರೆ ಕಂಪ್ರೆಶನ್, ಬಿಡಿಸುವ ಸಣ್ಣ ಲಿವರ್) ಒತ್ತದೆ ಕಿಕ್ಕರ್ ಮೇಲೆ ಕಾಲಿಟ್ಟು ನಿಧಾನ ಭಾರ ಬಿಟ್ಟರು. ಕ್ಲಚ್ ಸರಿ ಇದ್ದರೆ ಕಿಕ್ಕರ್ ಕಂಪ್ರೆಶನ್‌ಗೆ ತಾಗಿ ಗಟ್ಟಿ ನಿಲ್ಲಬೇಕು. ನನ್ನದು ಎಂಜಿನ್ ತಿರುಗದೆ ತನ್ನಷ್ಟಕ್ಕೆ ಮೆಲ್ಲಗೆ ಕೆಳಗೆ ಇಳಿಯಿತು. ಈ ಗಾಡಿಯಲ್ಲಿ ಕಿಕ್‌ನ ಬಲ ಗೇರ್‌ಬಾಕ್ಸಿಂದ ಕ್ಲಚ್ ದಾಟಿಯೇ ಎಂಜಿನ್‌ಗೆ ಹೋಗುವುದು, ಅದಕ್ಕೇ ಕಿಕ್ ಜಾರಿದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ. ನಿಮ್ಮ ಗಾಡಿಯಲ್ಲಿ ಇವತ್ತೇ ನೋಡಿ.

ಆಮೇಲೆ ಹ್ಯಾಂಡಲ್‌ನ ಕ್ಲಚ್ ಲಿವರ್ ಅಲ್ಲಾಡಿಸಿ ತೋರಿಸಿದರು. ಆಟವೇ ಇರಲಿಲ್ಲ. ಕೇಬಲ್ ಬಿಗಿಯಾಗುವ ಮೊದಲು ಲಿವರ್‌ನಲ್ಲಿ ಎರಡು ಮೂರು ಮಿಲಿಮೀಟರ್ ಸುಮ್ನೆ ಆಡಬೇಕು. ಆಡದಿದ್ದರೆ ಒಳಗಿನ ಕ್ಲಚ್ ರಾಡ್ ಯಾವಾಗಲೂ ಪ್ಲೇಟನ್ನು ಸ್ವಲ್ಪ ದೂಡಿಕೊಂಡೇ ಇರುತ್ತದೆ, ಅಂದರೆ ನಾವು ದಿನವಿಡೀ ಕ್ಲಚ್ ಅರ್ಧ ಒತ್ತಿಕೊಂಡು ಓಡಿಸಿದ ಹಾಗೆ. ಮೂರು ಸಲ ಟೈಟ್ ಮಾಡಿದ್ದರ ಫಲ ಇದು. ಕೇಬಲ್ ಸಡಿಲ ಮಾಡಿ, ಬಲಗಡೆ ಗೇರ್‌ಬಾಕ್ಸಿನ ಸಣ್ಣ ಮುಚ್ಚಳ ತೆಗೆದು ಅಲ್ಲಿನ ಅಡ್ಜಸ್ಟರನ್ನೂ ಸರಿ ಮಾಡಿ, ಮತ್ತೆ ಕಿಕ್ಕರ್ ಮೇಲೆ ಕಾಲಿಟ್ಟರು. ಮೊದಲಿಗಿಂತ ವಾಸಿ, ಆದರೂ ಜಾರಿತು. "ಈಗ ಬಿಚ್ಚುವ" ಅಂದರು.

ನನಗೆ ಇವರ ಮೇಲೆ ನಂಬಿಕೆ ಬಂದದ್ದು ಇಲ್ಲೇ. ಹ್ಯಾಂಡಲ್‌ನಿಂದ ಶುರು ಮಾಡಿ, ಖರ್ಚಿಲ್ಲದ್ದನ್ನೆಲ್ಲ ಮುಗಿಸಿ, ಬೇರೆ ದಾರಿ ಇಲ್ಲ ಅಂತಾದ ಮೇಲೆ ಬಿಚ್ಚಿದರು.

ಎಡಗಡೆ ಫುಟ್‌ರೆಸ್ಟ್ ತೆಗೆದು, ಕ್ಲಚ್ ಮತ್ತು ಅದನ್ನು ಎಂಜಿನ್‌ಗೆ ಜೋಡಿಸುವ ಚೈನ್ ಇರುವ ಚೈನ್‌ಕೇಸಿನ ನಡುವಿನ ಒಂದೇ ನಟ್ ಬಿಚ್ಚಿ, ಕೆಳಗೆ ಟ್ರೇ ಇಟ್ಟು ಮುಚ್ಚಳ ಎಳೆದರು. ಬಂದ ಆಯಿಲ್ ನೀರಿನಷ್ಟು ತೆಳ್ಳಗಿತ್ತು. ಹಳೆ ಬಿಲ್ ಇದೆಯಾ ಅಂತ ಕೇಳಿದರು. ಫೋನಿನಲ್ಲಿ ಫೋಟೋ ಇತ್ತು. ನೋಡಿದರೆ ಕಾರಿಗೆ ಹಾಕುವ 5ಡಬ್ಲ್ಯು-30 ಆಯಿಲನ್ನೇ ಚೈನ್‌ಕೇಸಿಗೂ ಹಾಕಿದ್ದಾರೆ! ಕಾರಿನ ಇಂಥ ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡಲು ಏನೇನೋ ಸೇರಿಸಿರುತ್ತಾರೆ. ಕಾರಿನ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಅದಕ್ಕೆ ತೊಂದರೆ ಇಲ್ಲ. ನಮ್ಮದು ಆಯಿಲ್‌ನಲ್ಲೇ ಓಡುವ ಕ್ಲಚ್, ಅದು ಕೆಲಸ ಮಾಡುವುದೇ ಉಜ್ಜಾಟದಿಂದ. ಬಾಟ್ಲಿಯ ಹಿಂದೆ ಜಾಸೋ ಎಂಎ (JASO MA, ಆಯಿಲ್‌ನಲ್ಲಿ ಓಡುವ ಕ್ಲಚ್‌ಗೆ ಆಗುತ್ತದೆ ಅನ್ನುವ ಗುರುತು) ಅಂತ ಬರೆದಿದೆಯಾ ನೋಡಿ ತೆಗೆದುಕೊಳ್ಳಿ. ಎಂಬಿ ಅಂತ ಇದ್ದರೆ ಅದು ಸ್ಕೂಟರಿನದ್ದು, ಬೇಡ.

ಕ್ಲಚ್‌ನ ಮೂರು ಸ್ಪ್ರಿಂಗ್ ತೆಗೆದು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿ, ಅದರ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಟ್ಟರು. ಸ್ಕೇಲ್ ಒಂದು ಕಡೆ ವಾಲಿತು. ಒಂದು ಸ್ಪ್ರಿಂಗ್ ಕುಗ್ಗಿ ಗಿಡ್ಡ ಆಗಿತ್ತು. ಹಾಗಾಗಿ ಕ್ಲಚ್ ಹಿಡಿದಾಗ ಪ್ಲೇಟ್ ಸಮ ಏಳದೆ ಓರೆಯಾಗಿ ಏಳುತ್ತಿತ್ತು, ಒಂದು ಬದಿ ಬಿಟ್ಟರೂ ಇನ್ನೊಂದು ಬದಿ ಹಿಡಿದುಕೊಂಡೇ ಇರುತ್ತಿತ್ತು. ನಂತರ ಸ್ಟೀಲ್ ಪ್ಲೇಟ್‌ಗಳನ್ನು ಒಂದೊಂದಾಗಿ ಹಳೆ ಟೆಂಪೋದ ಕಿಟಕಿ ಗಾಜಿನ ಮೇಲಿಟ್ಟು, ಅಂಚಿನ ಕೆಳಗೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ ನೋಡಿದರು. ಒಂದರ ಅಡಿಯಲ್ಲಿ ಸಲೀಸಾಗಿ ಒಳಗೆ ಹೋಯಿತು. ಬಿಸಿಗೆ ಬಾಗಿದೆ ಅಂದರು. ಪ್ಲೇಟ್‌ಗಳು ಕೂರುವ ಬುಟ್ಟಿಯಂಥ ಬ್ಯಾಸ್ಕೆಟ್‌ನ ಕಿಂಡಿಗಳಲ್ಲಿ ಪ್ಲೇಟ್‌ನ ಹಲ್ಲು ಬಡಿದು ಬಡಿದು ಕಚ್ಚು ಬಿದ್ದಿತ್ತು. ನನ್ನ ಬೆರಳು ಹಿಡಿದು ಸವರಿ ನೋಡಿ ಅಂದರು, ಉಗುರು ಸಿಕ್ಕಿಕೊಳ್ಳುತ್ತಿತ್ತು. ಉಗುರೇ ಸಿಕ್ಕಿಕೊಂಡರೆ ಪ್ಲೇಟ್ ಹೇಗೆ ಜಾರಿ ಹೊರಗೆ ಬರಬೇಕು, ಅಲ್ವಾ?

ಎಲ್ಲವನ್ನೂ ಬದಲಿಸಲಿಲ್ಲ ಅನ್ನುವುದನ್ನು ಗಮನಿಸಿ. ಬ್ಯಾಸ್ಕೆಟ್ ಹೊಸತು ಬೇಡ, ಕಚ್ಚು ಆಳ ಇಲ್ಲ ಅಂತ ಚಪ್ಪಟೆ ಅರದಲ್ಲಿ ಕಿಂಡಿಗಳನ್ನು ಒಂದೇ ಸಮ ಉಜ್ಜಿ ನಯ ಮಾಡಿದರು. ಸ್ಟೀಲ್ ಪ್ಲೇಟ್‌ಗಳ ನಡುವೆ ಕೂತು ಉಜ್ಜಾಟದಿಂದ ಹಿಡಿಯುವ ಹಳೆ ಫ್ರಿಕ್ಷನ್ ಪ್ಲೇಟ್‌ಗಳು ಆ ಆಯಿಲ್ ಕುಡಿದು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಅವು ಹೋದವು. ಹೊಸ ಪ್ಲೇಟ್‌ಗಳನ್ನು ಒಂದು ಇಡೀ ರಾತ್ರಿ ಆಯಿಲ್‌ನಲ್ಲಿ ನೆನೆಹಾಕಿ ಆಮೇಲೆಯೇ ಕೂರಿಸಿದರು. ಬಾಗಿದ ಸ್ಟೀಲ್ ಪ್ಲೇಟ್ ಒಂದು, ಸ್ಪ್ರಿಂಗ್ ಮೂರೂ, ಕೇಬಲ್ ಹೊಸತು. ಹಳೆ ಕೇಬಲ್ ಹೆಡ್‌ಲೈಟಿನ ಹಿಂದೆ ಚೂಪಾಗಿ ಮಡಚಿಕೊಂಡು ಹೋಗಿತ್ತು, ಲಿವರ್ ಗಟ್ಟಿ ಇದ್ದದ್ದಕ್ಕೆ ಅದೂ ಕಾರಣ. ಒಟ್ಟು 4,150 ರೂಪಾಯಿ, ಅದರಲ್ಲಿ ಕೂಲಿ 1,500. ಬಿಚ್ಚಿದ ಸಾಮಾನೆಲ್ಲ ಪೇಪರಿನಲ್ಲಿ ಕಟ್ಟಿ ಕೈಗೆ ಕೊಟ್ಟರು.

ಕೊರತೆಗಳನ್ನೂ ಹೇಳಬೇಕು. ನಾಲ್ಕು ದಿನ ಅಂದವರು ಒಂಬತ್ತು ದಿನ ತೆಗೆದುಕೊಂಡರು. ಫೋನ್ ಎತ್ತುವುದಿಲ್ಲ, ಖುದ್ದು ಹೋಗಿ ಕೇಳಬೇಕು. ನನಗೆ ಎರಡು ಸಲ ರಜೆ ಹಾಳಾಯಿತು, ಬೇಸರವೂ ಆಯಿತು. ಗಾಡಿ ತಂದ ಒಂದು ವಾರಕ್ಕೆ ಚೈನ್‌ಕೇಸಿನಿಂದ ಆಯಿಲ್ ಹನಿಯತೊಡಗಿತು. ಹೋಗಿ ತೋರಿಸಿದೆ. ರಬ್ಬರ್ ರಿಂಗ್ ಸರಿ ಕೂತಿರಲಿಲ್ಲ, ತಪ್ಪು ನನ್ನದೇ ಅಂತ ಒಪ್ಪಿಕೊಂಡು ಅಲ್ಲೇ ಬದಲಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಅದಾದ ಮೇಲೆ ನೆಲದ ಮೇಲೆ ಒಂದು ಹನಿ ಬಿದ್ದಿಲ್ಲ.

ಕಳೆದ ಭಾನುವಾರ ಹೆಬ್ರಿ ಮೇಲೆ ಆಗುಂಬೆಗೆ ಹೋದೆ, ಹಿಂದೆ ತಂಗಿ ಕೂತಿದ್ದಳು. ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವು. ಆರನೆಯದೋ ಏಳನೆಯದೋ ತಿರುವಿನಲ್ಲಿ ಎದುರು ಬಸ್ ಬಂದು ಏರಿನ ಮಧ್ಯೆ ಪೂರ್ತಿ ನಿಲ್ಲಿಸಬೇಕಾಯಿತು. ಫಸ್ಟ್ ಗೇರ್ ಸದ್ದಿಲ್ಲದೆ ಬಿತ್ತು, ಕ್ಲಚ್ ಬಿಟ್ಟ ಹಾಗೆ ಗಾಡಿ ಎತ್ತಿಕೊಂಡು ಹೊರಟಿತು. ಅಪ್ಪ ಓಡಿಸುವಾಗ ಹಿಂದೆ ಕೂತು ಕೇಳುತ್ತಿದ್ದ ಸದ್ದು ಅದೇ, ನಿಧಾನದ ಡುಗ್ ಡುಗ್. ತಂಗಿಗೂ ಅದು ಗೊತ್ತಾಯಿತು, ಹೆಗಲು ಗಟ್ಟಿ ಹಿಡಿದುಕೊಂಡಳು.

ಮಳೆಗಾಲಕ್ಕೆ ಅವರು ಹೇಳಿದ ಒಂದು ಮಾತು ನಮ್ಮ ಕರಾವಳಿಯವರಿಗೆಲ್ಲ ಬೇಕಾದದ್ದು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಜೂನ್‌ನಿಂದ ಗಾಡಿ ಮೂಲೆಗೆ ನಿಂತರೆ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಾರಕ್ಕೊಮ್ಮೆ ಕ್ಲಚ್ ಪೂರ್ತಿ ಹಿಡಿದು ನಾಲ್ಕೈದು ಸಲ ಕಿಕ್ಕರ್ ಒತ್ತಿ. ಅಂಟಿದ್ದರೆ ಕಿಕ್ಕರ್ ಗಟ್ಟಿ ಬರುತ್ತದೆ, ಪ್ಲೇಟ್ ಬಿಟ್ಟುಕೊಂಡ ಕೂಡಲೇ ಹಗುರಾಗುತ್ತದೆ, ಕಾಲಿಗೇ ಗೊತ್ತಾಗುತ್ತದೆ. ಚೈನ್‌ಕೇಸಿನ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಹೋಗಿದೆ, ಬದಲಿಸಿ.

ಭಾನುವಾರ ರಜೆ. ಓಣಿ ಸಣ್ಣದು, ಕಾರಿನಲ್ಲಿ ಹೋಗಬೇಡಿ. ಗಾಡಿಗೆ ಹಿಂದೆ ಏನೇನು ಮಾಡಿಸಿದ್ದೀರೋ ಅದರ ಬಿಲ್ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ, ಅವರು ಕೇಳಿಯೇ ಕೇಳುತ್ತಾರೆ.