ನಿಬಂಧ ತಿದ್ದಲು ಲಿಬ್ರೆಆಫೀಸ್ ರೈಟರ್: ವಿಜಯಪುರದ ಕನ್ನಡ ತರಗತಿಗೆ ಹೊಂದುತ್ತದೆಯೇ?

ದುಡ್ಡು ಕೇಳದ, ಇಂಟರ್‌ನೆಟ್ ಬೇಡದ, ಬರೆಯಲು ತಿದ್ದಲು ಬಳಸುವ ತಂತ್ರಾಂಶ ಇದು. ವಿಜಯಪುರ ಜಿಲ್ಲೆಯ ಹೈಸ್ಕೂಲ್ ಲ್ಯಾಬಿನ ಹಳೇ ಕಂಪ್ಯೂಟರಿಗೂ ಭಾರವಾಗುವುದಿಲ್ಲ.

ಇದರ ನಿಜವಾದ ಬೆಲೆ ಇರುವುದು ಟ್ರ್ಯಾಕ್ ಚೇಂಜಸ್‌ನಲ್ಲಿ, ಅಂದರೆ ಪ್ರತಿ ತಿದ್ದುಪಡಿಯನ್ನೂ ಗುರುತಿಟ್ಟು ತೋರಿಸುವ ಸೌಲಭ್ಯದಲ್ಲಿ. ಎಡಿಟ್ ಮೆನುವಿನಲ್ಲಿ ಅದನ್ನು ತೆರೆದು ರೆಕಾರ್ಡ್ ಒತ್ತಿದರೆ, ಹುಡುಗ ‘ಗೋಳಗುಮ್ಮಟ ಬಹಳ ಚೆನ್ನಾಗಿದೆ’ ಎಂಬುದನ್ನು ಹೊಡೆದುಹಾಕಿ ‘ಪಿಸುಗುಟ್ಟಿದರೂ ಗ್ಯಾಲರಿಯ ಆಚೆ ಬದಿಗೆ ಕೇಳಿಸುತ್ತದೆ’ ಎಂದು ಬರೆದದ್ದು, ಎರಡೂ ಕಣ್ಣೆದುರೇ ಉಳಿಯುತ್ತವೆ. ಕೆಂಪು ಪೆನ್ನಿಗೆ ಈ ಗುಣವಿಲ್ಲ. ಆದರೆ ಟೂಲ್ಸ್, ಆಪ್ಷನ್ಸ್, ಯೂಸರ್ ಡೇಟಾದಲ್ಲಿ ಹೆಸರು ತುಂಬಿರಬೇಕು. ಒಂದೇ ಯಂತ್ರಕ್ಕೆ ಮೂವರು ಕೂತು ಅದನ್ನು ಬದಲಿಸದಿದ್ದರೆ ಮೂವರ ತಿದ್ದುಪಡಿಯೂ ಒಬ್ಬನ ಹೆಸರಿಗೇ ಬೀಳುತ್ತದೆ.

ಕನ್ನಡ ಟೈಪ್ ಮಾಡಲು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಸಲೀಸು. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು, ಒತ್ತಕ್ಷರ ಮೂಡಿಸುವುದು ನಡುವಿನ ಎಫ್. ಮಕ್ಕಳು ಎಡವುವುದೂ ಅಲ್ಲೇ, ಎಫ್ ಬಿಟ್ಟರೆ ‘ಕನನಡ’! ಬರೆಯಿಸುವ ಮೊದಲು ಎರಡು ಪೀರಿಯಡ್ ಬರೀ ಟೈಪಿಂಗಿಗೆ ಕೊಡಿ.

‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟ್) ಬರೆದ ಕಡತ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕನ್ನಡದ ಅಕ್ಷರಗಳಿಗೇ ಪ್ರತ್ಯೇಕ ಸಂಕೇತವಿರುವ ಯುನಿಕೋಡ್‌ನಲ್ಲೇ ಬರೆಯಿಸಿ.

ಕಾಗುಣಿತ ಪರೀಕ್ಷೆ ನಮಗೆ ನಿರುಪಯೋಗಿ. ಸಂಧಿ, ವಿಭಕ್ತಿ ಸೇರಿದ ಸರಿಯಾದ ಪದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಶಿಫ್ಟ್ ಜೊತೆ ಎಫ್7 ಒತ್ತಿ ಆರಿಸಿಬಿಡಿ. ಇನ್ನು ಕರೆಂಟ್ ಹೋಗುವ ಸಮಸ್ಯೆ. ಯುಪಿಎಸ್ ಇಲ್ಲದಿದ್ದರೆ, ಬರೆದದ್ದನ್ನು ತಾನಾಗಿಯೇ ಉಳಿಸಿಡುವ ಆಟೋರಿಕವರಿಯ ಅವಧಿಯನ್ನು 2 ನಿಮಿಷಕ್ಕೆ ಇಳಿಸಿ.