ಟ್ರಂಪ್‌ನ ಬೈಯೋ ಫಾರಿನ್ ಪೇಪರ್‌ಗಳು: ದುಡ್ಡು ಕೊಟ್ಟು ಓದಿದವನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಟ್ರಂಪ್ ರಿವ್ಯೂ ಅಲ್ಲ. ಟ್ರಂಪ್ ಬಗ್ಗೆ ಅಮೆರಿಕದ ಹೊರಗಿನ ಪೇಪರ್, ಟಿವಿಯೋರು ನಮಗೆ ಕೊಡೋ ಮಾಲಿನ ರಿವ್ಯೂ. 2017ರ ಜನವರಿ 20ಕ್ಕೆ ಆಯಪ್ಪ ಮೊದಲ ಸಲ ಪ್ರಮಾಣವಚನ ತಗೊಂಡಾಗಿಂದ ಇದನ್ನ ಓದ್ತಾ ಬಂದಿದೀನಿ. ಎಕನಾಮಿಸ್ಟ್ ದುಡ್ಡು ಕೊಟ್ಟು, ಗಾರ್ಡಿಯನ್ ಪುಕ್ಕಟೆ (ಪುಟದ ಕೆಳಗೆ ಚಂದಾ ಕೇಳ್ತಾನೇ ಇರ್ತಾರೆ, ಒಂದೆರಡು ಸಲ ಮನಸ್ಸು ಕರಗಿ ಕೊಟ್ಟೂ ಇದೀನಿ), ಜರ್ಮನಿಯ ಸ್ಪೀಗೆಲ್‌ದು ಇಂಗ್ಲಿಷ್ ಪುಟ, ಬಿಬಿಸಿ, ಕೆನಡಾದ ಟೊರಾಂಟೊ ಸ್ಟಾರ್, ಆಮೇಲೆ ಆಗಾಗ ಗೂಗಲ್ ಟ್ರಾನ್ಸ್‌ಲೇಟ್ ಹಾಕ್ಕೊಂಡು ಸ್ವೀಡನ್, ಮೆಕ್ಸಿಕೊ ಕಡೇದೂ.

ಬೆಂಗಳೂರಲ್ಲಿ ಕೂತವನಿಗೆ ಇದೆಲ್ಲ ಯಾಕಪ್ಪ ಅಂದ್ರೆ, ಆಗ ನಮ್ಮಕ್ಕ ಭಾವ ಎಚ್‌1ಬಿ ಅನ್ನೋ ಕೆಲಸದ ವೀಸಾ ಮೇಲೆ ನ್ಯೂಜೆರ್ಸಿಯಲ್ಲಿದ್ರು, ನಮ್ ಆಫೀಸಿನ ಅರ್ಧ ಪ್ರಾಜೆಕ್ಟ್ ಅಮೆರಿಕದ್ದೇ, ಸಿಎನ್‌ಎನ್ ಹಾಕಿದ್ರೆ ಒಂದು ಪಾರ್ಟಿ ಫಾಕ್ಸ್ ಹಾಕಿದ್ರೆ ಇನ್ನೊಂದು ಪಾರ್ಟಿ, ನಮ್ಮ ಕನ್ನಡ ಚಾನಲ್‌ಗಳಲ್ಲಿ "ದೊಡ್ಡಣ್ಣನಿಗೆ ಶಾಕ್" ಅನ್ನೋದು ಬಿಟ್ರೆ ಬೇರೆ ಏನೂ ಇರ್ತಿರ್ಲಿಲ್ಲ. ಹೊರಗಿನೋರು, ಓಟು ಇಲ್ಲದೋರು, ಅವರಾದ್ರೂ ತಣ್ಣಗೆ ಹೇಳ್ತಾರೆ ಅಂತ ಲೆಕ್ಕ ಹಾಕಿದ್ದೆ.

ತಣ್ಣಗೆ ಎಲ್ಲಿ ಬಂತು! ಹದಿನೈದು ದಿನ ಆಗಿತ್ತೋ ಇಲ್ವೋ, 2017ರ ಫೆಬ್ರವರಿ ಮೊದಲ ವಾರದ ಸ್ಪೀಗೆಲ್ ಮುಖಪುಟ ನೋಡಿ: ಒಂದು ಕೈಲಿ ರಕ್ತ ಸುರಿಯೋ ಚಾಕು, ಇನ್ನೊಂದು ಕೈಲಿ ಲಿಬರ್ಟಿ ಪ್ರತಿಮೆಯ ಕತ್ತರಿಸಿದ ತಲೆ, ಕಣ್ಣು ಮೂಗು ಏನೂ ಇಲ್ಲ, ಬರೀ ಕೂದಲು ಬಾಯಿ, ಕೆಳಗೆ ಟ್ರಂಪ್‌ನ ಘೋಷಣೆ, ಅಮೆರಿಕ ಫಸ್ಟ್ ಅಂತ. ಬರೆದವನು ಎಡೆಲ್ ರಾಡ್ರಿಗಸ್, 1980ರಲ್ಲಿ ಚಿಕ್ಕ ಹುಡುಗನಾಗಿದ್ದಾಗ ಕ್ಯೂಬಾದಿಂದ ದೋಣಿಯಲ್ಲಿ ಅಮೆರಿಕಕ್ಕೆ ಬಂದ ನಿರಾಶ್ರಿತ. ಅದು ಗೊತ್ತಾದ ಮೇಲೆ ಚಿತ್ರ ಬೇರೆ ಥರ ಕಾಣಿಸ್ತು ನನಗೆ, ಯಾಕಂದ್ರೆ ಏಳು ಮುಸ್ಲಿಂ ದೇಶದೋರಿಗೆ ಬಾಗಿಲು ಹಾಕಿದ ಆದೇಶ ಬಂದಿದ್ದು ಅದರ ಹಿಂದಿನ ವಾರ, ಜನವರಿ 27ಕ್ಕೆ. ಅದೇ ವಾರ ಎಕನಾಮಿಸ್ಟ್ ಮುಖಪುಟದಲ್ಲಿ ಟ್ರಂಪ್ ಕೈಲಿ ಪೆಟ್ರೋಲ್ ಬಾಂಬ್. ಜರ್ಮನಿಯಲ್ಲೇ ಸುಮಾರು ಜನ ಸ್ಪೀಗೆಲ್‌ಗೆ ಇದು ಅತಿಯಾಯ್ತು, ರುಚಿಹೀನ ಅಂತ ಬೈದ್ರು. ನನಗೆ ರುಚಿ ಬಗ್ಗೆ ತಕರಾರಿಲ್ಲ, ಆದ್ರೆ ಎರಡನೇ ವಾರಕ್ಕೇ ತಲೆ ಕಡಿಸಿಬಿಟ್ರೆ ಮುಂದಿನ ಇನ್ನೂರು ವಾರಕ್ಕೆ ಏನ್ ಉಳಿಸ್ಕೊಂಡಿದೀರ ಸ್ವಾಮಿ? ನಿಜವಾಗ್ಲೂ ದೊಡ್ಡ ವಿಷಯ ಬಂದಾಗ, ಆ ವರ್ಷದ ಆಗಸ್ಟ್‌ನಲ್ಲಿ ಶಾರ್ಲಟ್ಸ್‌ವಿಲ್ ಊರಲ್ಲಿ ಬಿಳಿ ಜನಾಂಗವಾದಿಗಳ ಗಲಾಟೆ ಆದಾಗ, ಓದುಗ ಆಗ್ಲೇ ಸುಸ್ತಾಗಿರ್ತಾನೆ.

ಈಗ ಒಳ್ಳೇದು ಹೇಳ್ತೀನಿ. ಈ ಸರ್ವೀಸಲ್ಲಿ ನಾನು ಪೂರ್ತಿ ಮಾರ್ಕ್ಸ್ ಕೊಡೋದು ಸ್ವೀಡನ್‌ಗೆ. 2017ರ ಫೆಬ್ರವರಿ 18ಕ್ಕೆ ಫ್ಲಾರಿಡಾದ ಸಭೇಲಿ ಟ್ರಂಪ್, ವಲಸಿಗರಿಂದ ಅಪಾಯ ಅಂತ ಮಾತಾಡ್ತಾ, ನಿನ್ನೆ ರಾತ್ರಿ ಸ್ವೀಡನ್‌ನಲ್ಲಿ ಏನಾಯ್ತು ನೋಡಿ, ಅಂದ್ಬಿಟ್ಟ. ಇಡೀ ಸ್ವೀಡನ್ ತಲೆ ಕೆರ್ಕೊಂತು, ಏನಾಯ್ತು ಅಂತ. (ಆಮೇಲೆ ಗೊತ್ತಾಗಿದ್ದು, ಫಾಕ್ಸ್‌ನಲ್ಲಿ ಬಂದ ಒಂದು ಪ್ರೋಗ್ರಾಂ ನೋಡಿ ಹೇಳಿದ್ದು ಅಂತ, ಅವನೇ ಹೇಳಿದ.) ಅಲ್ಲಿನ ಆಫ್ಟೊನ್‌ಬ್ಲಾಡೆಟ್ ಪೇಪರ್‌ನೋರು ಬೈಯೋಕೆ ಹೋಗ್ಲಿಲ್ಲ, ಸಂಪಾದಕೀಯ ಇಲ್ಲ, ತಲೆ ಕಡಿಯೋದಿಲ್ಲ, ಆ ಶುಕ್ರವಾರ ದೇಶದಲ್ಲಿ ಏನೇನಾಯ್ತು ಅಂತ ಟೈಮ್ ಹಾಕಿ ಇಂಗ್ಲಿಷಲ್ಲಿ ಪಟ್ಟಿ ಕೊಟ್ರು ಅಷ್ಟೇ. ಹಾಡಿನ ಸ್ಪರ್ಧೆ ರಿಹರ್ಸಲ್‌ನಲ್ಲಿ ಹಿರಿಯ ಗಾಯಕರೊಬ್ಬರಿಗೆ ಏನೋ ಟೆಕ್ನಿಕಲ್ ತೊಂದರೆ ಆಯ್ತು, ಉತ್ತರದಲ್ಲಿ ಹವಾಮಾನ ಕೆಟ್ಟು ಇ10 ರಸ್ತೆ ಮುಚ್ಚಿದ್ರು, ಸ್ಟಾಕ್‌ಹೋಮ್‌ನಲ್ಲಿ ಕುಡಿದು ಗಾಡಿ ಓಡಿಸ್ತಿದ್ದ ಅನ್ನೋ ಅನುಮಾನದ ಮೇಲೆ ಒಬ್ಬನ ಹಿಂದೆ ಪೊಲೀಸರು ಬಿದ್ರು. ಓದಿ ಮುಗಿಸೋಕೆ ಒಂದು ನಿಮಿಷ ಸಾಕು. ಆಮೇಲೆ ಆ ಮಾತಿನ ಗಾಳಿ ಪೂರ್ತಿ ಹೋಯ್ತು. ತಮ್ಮೂರಿನ ವಿಷಯ, ತಮಗೇ ಗೊತ್ತಿರೋದು, ಅದನ್ನ ಮುಂದೆ ಇಟ್ರೆ ಆಯ್ತಲ್ಲ, ಬೈಗುಳ ಯಾಕೆ ಬೇಕು.

ಎರಡನೇದು ಟೊರಾಂಟೊ ಸ್ಟಾರ್‌ನ ಡೇನಿಯಲ್ ಡೇಲ್. ಈತ 2016ರ ಚುನಾವಣೆ ಟೈಮಲ್ಲೇ ಟ್ರಂಪ್ ಹೇಳಿದ ಸುಳ್ಳುಗಳನ್ನ ದಿನಾ ಪಟ್ಟಿ ಮಾಡೋಕೆ ಶುರು ಮಾಡಿದ್ದ, 2019ರಲ್ಲಿ ಪೇಪರ್ ಬಿಟ್ಟು ಸಿಎನ್‌ಎನ್‌ಗೆ ಹೋಗೋಷ್ಟರಲ್ಲಿ ಆ ಪಟ್ಟಿ 5,000 ದಾಟಿತ್ತು. ಮೊದಲು ಟೊರಾಂಟೊ ನಗರಸಭೆ ವರದಿಗಾರ, ಬಾಯಿಗೆ ಬಂದಂಗೆ ಮಾತಾಡ್ತಿದ್ದ ಅಲ್ಲಿನ ಮೇಯರ್ ರಾಬ್ ಫೋರ್ಡ್‌ನ ಕಾಲದಲ್ಲಿ ಕೆಲಸ ಮಾಡಿದವನು, ಹಂಗಾಗಿ ಈ ಥರದವರ ಮಾತು ಹೆಂಗೆ ಬರ್ಕೋಬೇಕು ಅಂತ ಮನೇಲೇ ಟ್ರೈನಿಂಗ್ ಆಗಿತ್ತು ಅನ್ನಿ. ಅವನ ಬರವಣಿಗೆ ಬೋರ್ ಅನ್ನೋರಿದಾರೆ. ಹೌದು ಬೋರೇ, ಟ್ರಂಪ್ ಇಂತಿಂಥದ್ದು ಹೇಳಿದ, ದಾಖಲೆ ಇದು, ಮುಂದಿನದು. ಆದ್ರೆ ಆಫೀಸ್ ಊಟದ ಟೇಬಲ್ಲಲ್ಲಿ ವಾದ ಬಂದಾಗ ಕೆಲಸಕ್ಕೆ ಬಂದಿದ್ದು ಇದೊಂದೇ. ಮುಖಪುಟದ ಚಿತ್ರ ತೋರ್ಸಿ ಯಾರನ್ನ ಒಪ್ಪಿಸ್ತೀರ?

ಎಕನಾಮಿಸ್ಟ್‌ದೂ ಇದೇ ಕಥೆ. ಅವರ ಸಂಪಾದಕೀಯಗಳಲ್ಲಿ ಬಹಳಷ್ಟು ಮರೆತೇ ಹೋಗಿದೆ, ಬರೆದವನ ಹೆಸರೂ ಹಾಕಲ್ಲ, ಎಲ್ಲರೂ ಒಂದೇ ಗಂಟಲಲ್ಲಿ ಮಾತಾಡ್ತಾರೆ. ಆದ್ರೆ 2017ರ ಮೇ ತಿಂಗಳಲ್ಲಿ ಟ್ರಂಪ್ ಜೊತೆ ಕೂತು ಮಾತಾಡಿ ಪೂರ್ತಿ ಸಂಭಾಷಣೆ ಹಂಗಂಗೇ ಹಾಕಿದ್ರಲ್ಲ, ಅದು ಚಿನ್ನ. ಅದ್ರಲ್ಲಿ ತೆರಿಗೆ ಕಡಿಮೆ ಮಾಡೋ ಬಗ್ಗೆ ಮಾತಾಡ್ತಾ ಈಯಪ್ಪ, ಪಂಪ್‌ಗೆ ಮೊದಲು ನೀರು ಹಾಕೋ ಮಾತನ್ನ (ಆರ್ಥಿಕತೆ ಓಡ್ಲಿ ಅಂತ ಸರ್ಕಾರ ಮೊದಲು ದುಡ್ಡು ಬಿಡೋದು), ಅರ್ಥಶಾಸ್ತ್ರದೋರು ತಲೆಮಾರುಗಳಿಂದ ಬಳಸೋ ಮಾತನ್ನ, ಕೆಲವು ದಿನದ ಹಿಂದೆ ನಾನೇ ಹುಟ್ಟುಹಾಕಿದ್ದು ಅಂತಾನೆ, ಕೇಳಿದೀರಾ ಅಂತ ಅವರನ್ನೇ ಕೇಳ್ತಾನೆ. ಎದುರಿಗೆ ಕೂತೋರು ಪ್ರಪಂಚದ ದೊಡ್ಡ ಎಕನಾಮಿಕ್ಸ್ ಪತ್ರಿಕೆಯೋರು! ಅವರು ಅದರ ಬಗ್ಗೆ ಒಂದು ಟೀಕೆ ಬರೀದೇ ಇದ್ರೂ ನಡೀತಿತ್ತು.

ಬಿಬಿಸಿದು 2017ರ ಫೆಬ್ರವರಿ 16ರ ಟ್ರಂಪ್ ಪ್ರೆಸ್ ಮೀಟ್ ನೆನಪಿದ್ಯಾ? ಅವರ ವರದಿಗಾರ ಜಾನ್ ಸೋಪಲ್ ಎದ್ದು ನಿಂತ, ನೀವು ಎಲ್ಲಿಯೋರು ಅಂತ ಟ್ರಂಪ್ ಕೇಳಿದ, ಬಿಬಿಸಿ ಅಂದ, ಓ ಇನ್ನೊಂದು ಚೆಲುವೆ ಬಂತು ಅನ್ನೋ ಥರ ಟ್ರಂಪ್ ಅಣಕಿಸಿದ. ಕ್ಲಿಪ್ ಎಲ್ಲಾ ಕಡೆ ಓಡಿತು, ಆದ್ರೆ ಆ ಅಣಕ ಆದ್ಮೇಲೆ ಸೋಪಲ್ ಕೇಳಿದ ಪ್ರಶ್ನೆ (ಸರ್ಕಾರ ಮೆಷಿನ್ ಥರ ಓಡ್ತಿದೆ ಅಂತೀರಲ್ಲ, ನಿಮ್ಮ ವಲಸೆ ಆದೇಶವನ್ನ ಕೋರ್ಟ್ ತಡೆದಿದೆಯಲ್ಲ ಅಂತ) ಯಾರಿಗೂ ನೆನಪಿಲ್ಲ. ಎಂಟು ದಿನದ ಮೇಲೆ ಶ್ವೇತಭವನದ ವಕ್ತಾರ ಸ್ಪೈಸರ್ ಕರೆದ ಮೀಟಿಂಗಿಗೆ ಬಿಬಿಸಿ, ಗಾರ್ಡಿಯನ್ ಎಲ್ಲ ಬಾಗಿಲ ಹೊರಗೆ. ಬೇರೆ ದೇಶದ ವರದಿಗಾರರ ಹತ್ರ ಅಲ್ಲಿ ಒಳಗಿನ ಸೋರ್ಸ್ ಮೊದಲೇ ಕಡಿಮೆ, ಅದೂ ಹೋದ್ರೆ ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಬರೆದಿದ್ದನ್ನೇ ತಿರುಗಿಸಿ ಬರೀಬೇಕು. ಬರೆದ್ರು ಕೂಡ. ಇದು ನನ್ನ ದೊಡ್ಡ ಕಂಪ್ಲೇಂಟ್. ದುಡ್ಡು ಲಂಡನ್‌ಗೆ ಕೊಟ್ಟು ವಾಷಿಂಗ್ಟನ್ ಪೋಸ್ಟ್ ಓದೋದು ಯಾಕೆ.

ಕಾಮಿಡಿ ಕಡೆಯಿಂದ ಹಾಲೆಂಡಿನ ಲುಬಾಖ್ ಶೋ ಮಾಡಿದ ನೆದರ್ಲೆಂಡ್ಸ್ ಸೆಕೆಂಡ್ (ಅಮೆರಿಕ ಫಸ್ಟ್ ಆದ್ರೆ ನಾವು ಸೆಕೆಂಡ್ ಆಗ್ಬಹುದಾ ಅನ್ನೋ ಅಣಕ) ವಿಡಿಯೋ ನೋಡ್ದೇ ಇದ್ರೆ ನೋಡಿ, ಸಕ್ಕತ್ತಾಗಿದೆ. ಆಮೇಲೆ ಪ್ರತಿ ದೇಶದೋರೂ ಕಾಪಿ ಹೊಡೆದು ಹೊಡೆದು ಬೋರ್ ಮಾಡಿದ್ರು.

ಇನ್ನು ಕೆಟ್ಟ ಮಾಲು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ಆ ಪುಟಕ್ಕೆ ಎಷ್ಟೋ ಜನರನ್ನ ಕಳ್ಸಿದೀನಿ. ಸ್ಪೀಗೆಲ್‌ನ ಸ್ಟಾರ್ ವರದಿಗಾರ ಕ್ಲಾಸ್ ರೆಲೋಟಿಯಸ್, 2017ರ ಶುರುವಿನಲ್ಲಿ ಮಿನೆಸೋಟದ ಫರ್ಗಸ್ ಫಾಲ್ಸ್ ಅನ್ನೋ ಚಿಕ್ಕ ಊರಲ್ಲಿ ವಾರಗಟ್ಟಲೆ ಕೂತು, ಟ್ರಂಪ್‌ಗೆ ಓಟ್ ಹಾಕಿದ ಜನ ಹೆಂಗಿರ್ತಾರೆ ಅಂತ ಉದ್ದದ ಲೇಖನ ಬರೆದ. ಊರ ಬಾಗಿಲಲ್ಲಿ ಸ್ವಾಗತ ಬೋರ್ಡ್ ಪಕ್ಕ ಮೆಕ್ಸಿಕನ್ನರು ದೂರ ಇರಿ ಅನ್ನೋ ಬೋರ್ಡ್ ಇದೆ ಅಂದ, ಸುತ್ತ ಕಗ್ಗಾಡು ಅಂದ. ಆ ಬೋರ್ಡ್ ಇರ್ಲೇ ಇಲ್ಲ. ಕಾಡೂ ಇಲ್ಲ, ಅದು ಬಯಲುಸೀಮೆ! 2018ರ ಡಿಸೆಂಬರ್‌ನಲ್ಲಿ ಅವನ ಸಹೋದ್ಯೋಗಿ ಹುವಾನ್ ಮೊರೆನೊ, ಬೇರೆ ಒಂದು ವರದಿ ಬಗ್ಗೆ ಅನುಮಾನ ಬಂದು ಬೆನ್ನು ಹತ್ತಿ ಹಿಡಿದ್ಮೇಲೆ ಎಲ್ಲ ಹೊರಗೆ ಬಂತು, ಸ್ಪೀಗೆಲ್ ತಾನೇ ಪ್ರಕಟಿಸಿ ಒಪ್ಕೊಂತು. ಫರ್ಗಸ್ ಫಾಲ್ಸ್‌ನ ಇಬ್ಬರು ಆ ಲೇಖನದ ಸುಳ್ಳುಗಳನ್ನ ಒಂದೊಂದಾಗಿ ಬಿಡಿಸಿ ನೆಟ್ಟಲ್ಲಿ ಹಾಕಿದ್ರು, ಸ್ಪೀಗೆಲ್ ಇನ್ನೊಬ್ಬ ವರದಿಗಾರನ್ನ ಅಲ್ಲಿಗೆ ಕಳ್ಸಿ ಊರಿನೋರ ಹತ್ರ ಕ್ಷಮೆ ಕೇಳಿಸ್ತು. ಫ್ಯಾಕ್ಟ್ ಚೆಕ್ ಮಾಡೋಕೇ ದೊಡ್ಡ ಡಿಪಾರ್ಟ್‌ಮೆಂಟ್ ಇಟ್ಕೊಂಡಿರೋ ಪತ್ರಿಕೆ ಅದು. ಅವರಿಗೆ ಯಾಕೆ ಅನುಮಾನ ಬರ್ಲಿಲ್ಲ? ಹ್ಯಾಂಬರ್ಗ್‌ನಲ್ಲಿ ಕೂತೋರ ತಲೇಲಿ ಆ ಬೋರ್ಡ್ ಆಗ್ಲೇ ನೆಟ್ಟಿತ್ತು, ಅದಕ್ಕೆ. ಬರ್ಲಿನ್‌ನಲ್ಲಿದ್ದ ಟ್ರಂಪ್‌ನ ರಾಯಭಾರಿ ಗ್ರೆನೆಲ್ ತಕ್ಷಣ ಪತ್ರ ಬರೆದು ನೋಡಿ ನಿಮ್ಮ ಅಮೆರಿಕ ವಿರೋಧ ಅಂದ. ಬಿಟ್ಟಾರಾ ಮತ್ತೆ.

ಇದೇ ರೋಗದ ಹಳೇ ಕೇಸ್ ಒಂದಿದೆ, ಟ್ರಂಪ್‌ಗಿಂತ ಮುಂಚೆ. 2004ರಲ್ಲಿ ಬುಷ್ ಎರಡನೇ ಸಲ ನಿಂತಾಗ ಗಾರ್ಡಿಯನ್‌ನೋರು ಓಹಾಯೋದ ಕ್ಲಾರ್ಕ್ ಕೌಂಟಿಯ ಮತದಾರರ ವಿಳಾಸ ಬ್ರಿಟಿಷ್ ಓದುಗರಿಗೆ ಹಂಚಿ, ಚುನಾವಣೆ ಬಗ್ಗೆ ಪತ್ರ ಬರೀರಿ ಅಂದ್ರು, ಬಹುತೇಕ ಬುಷ್ ಬೇಡ ಅನ್ನೋ ಪತ್ರಗಳೇ ಹೋದ್ವು. ಪಕ್ಕದ ಮನೆ ಅತ್ತೆ ಸೊಸೆ ಜಗಳಕ್ಕೆ ಪಂಚಾಯ್ತಿ ಮಾಡೋಕೆ ಹೋದಂಗೆ. ಅಲ್ಲಿನ ಜನ ರೇಗಿ ಎದುರು ಪತ್ರ ಬರೆದ್ರು, 2000ದಲ್ಲಿ ಬುಷ್‌ನ ಎದುರಾಳಿ ಅಲ್ ಗೋರ್‌ಗೆ ಬಿದ್ದಿದ್ದ ಆ ಕೌಂಟಿ ಈ ಸಲ ಬುಷ್‌ಗೆ ಹೋಯ್ತು. ಪತ್ರದಿಂದಲೇ ಹೋಯ್ತು ಅಂತ ನಾನು ಹೇಳಲ್ಲ, ಆದ್ರೆ ಸಹಾಯ ಅಂತೂ ಆಗ್ಲಿಲ್ಲ.

ನಮಗೆ ಇದನ್ನ ಕಂಡುಹಿಡಿಯೋಕೆ ಒಂದು ಅನುಕೂಲ ಇದೆ, ಇದೇ ಪೇಪರ್‌ನೋರು ನಮ್ಮೂರ ಬಗ್ಗೆ ಬರೆದಿದ್ದನ್ನ ಓದಿದ್ರೆ ಸಾಕು. ಸೋಪಲ್ ಪ್ರಶ್ನೆ ಕೇಳಿದ ಅದೇ ಫೆಬ್ರವರಿ 16ಕ್ಕೆ ಇಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿತ್ತು. ಎರಡು ವಾರ ಆದ್ಮೇಲೆ ಗಾರ್ಡಿಯನ್‌ನಲ್ಲಿ ಹೆಡ್ಡಿಂಗ್, ಉರಿಯೋ ಕೆರೆಗಳ ಊರು, 2025ಕ್ಕೆ ಬೆಂಗಳೂರು ವಾಸಕ್ಕೇ ಆಗಲ್ಲ ಅಂತ ತಜ್ಞರ ಭಯ ಅಂತ. ಕೆರೆ, ನೊರೆ, ಬೆಂಕಿ ಎಲ್ಲ ನಿಜ, ಆ ಕಡೆ ಫ್ಲಾಟ್ ತಗೊಂಡೋರನ್ನ ಕೇಳಿ. ಆದ್ರೆ 2025 ಬಂತು ಹೋಯ್ತು, ನಾವಿಲ್ಲೇ ಸಿಲ್ಕ್ ಬೋರ್ಡ್‌ನಲ್ಲಿ ನಿಂತಿದೀವಿ. ಕಣ್ಣಾರೆ ಕಂಡಿದ್ದು ಸರಿ, ಹೆಡ್ಡಿಂಗ್ ಮಾತ್ರ ಡೋಂಟ್ ಕೇರ್. ಅಮೆರಿಕದ ಬಗ್ಗೆ ಇವರು ಬರೆದಾಗ್ಲೂ ಇದೇ ಡಿಸ್ಕೌಂಟ್ ಕಟ್ ಮಾಡಿ ಓದಿ.

ನಮ್ಮ ಎಚ್‌1ಬಿ ವಿಷಯಕ್ಕೆ ಇವರನ್ನ ನಂಬ್ಕೊಂಡ್ರೆ ಕೆಲಸ ಕೆಡುತ್ತೆ. 2017ರ ಏಪ್ರಿಲ್ 18ಕ್ಕೆ ವಿಸ್ಕಾನ್ಸಿನ್‌ನ ಟೂಲ್ ಫ್ಯಾಕ್ಟರಿಯಲ್ಲಿ ನಿಂತು ಅಮೆರಿಕನ್ನರನ್ನೇ ಕೆಲಸಕ್ಕೆ ತಗೊಳ್ಳಿ ಅನ್ನೋ ಆದೇಶಕ್ಕೆ ಸೈನ್ ಹಾಕಿದಾಗ ಯುರೋಪಿನೋರ ಚಿಂತೆ ನ್ಯಾಟೊ, ಬಿಎಂಡಬ್ಲ್ಯುನ ಮೆಕ್ಸಿಕೊ ಫ್ಯಾಕ್ಟರಿಗೆ ಶೇ. 35 ತೆರಿಗೆ ಬೆದರಿಕೆ. ಅದಕ್ಕೂ ಎರಡು ತಿಂಗಳ ಮುಂಚೆ, ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇಥಾದಲ್ಲಿ ಹೈದರಾಬಾದ್ ಮೂಲದ ಇಂಜಿನಿಯರ್‌ನ ಬಾರಲ್ಲಿ ಗುಂಡಿಟ್ಟು ಕೊಂದಾಗ ನಮ್ಮಮ್ಮ ಅಕ್ಕನಿಗೆ ದಿನಾ ಫೋನ್ ಮಾಡಿ ಹೊರಗೆ ಕನ್ನಡ ಮಾತಾಡ್ಬೇಡಿ ಅಂತಿದ್ರು, ಆ ಭಯ ಹೆಂಗಿತ್ತು ಅಂತ ಲಂಡನ್‌ನಿಂದ ಬರೆದೋರಿಗೆ ಗೊತ್ತಾಗಲ್ಲ, ತಪ್ಪೂ ಅಲ್ಲ, ಅವರವರ ಹೊಟ್ಟೆನೋವು ಅವರವರಿಗೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ವೀಸಾಗೆ 1 ಲಕ್ಷ ಡಾಲರ್ ಫೀಸ್ ಅಂದಾಗ ನಾನು ಯಾವ ಫಾರಿನ್ ಪೇಪರ್‌ನೂ ತೆಗೀಲಿಲ್ಲ, ಭಾವನ ಲಾಯರ್ ಕಳ್ಸಿದ ಮೇಲ್ ಓದಿದೆ.

ಎರಡನೇ ಅವಧೀಲಿ ಕ್ವಾಲಿಟಿ ಸುಧಾರಿಸಿದ್ಯಾ ಅಂತ ಕೇಳಿದ್ರೆ, ಕೂಗಾಟ ಕಡಿಮೆ ಆಗಿದೆ. ಆದ್ರೆ ಬಿಬಿಸಿಯ ಪನೋರಮ ಕಾರ್ಯಕ್ರಮದಲ್ಲಿ ಟ್ರಂಪ್‌ನ 2021ರ ಜನವರಿ 6ರ (ಅವನ ಬೆಂಬಲಿಗರು ಅಮೆರಿಕದ ಸಂಸತ್ತಿಗೆ ನುಗ್ಗಿದ ದಿನದ) ಭಾಷಣದ ಎರಡು ತುಂಡು, 50 ನಿಮಿಷಕ್ಕಿಂತ ಜಾಸ್ತಿ ಅಂತರ ಇರೋವು, ಒಂದೇ ಉಸಿರಲ್ಲಿ ಹೇಳಿದಂಗೆ ಜೋಡಿಸಿದ್ದು ಬಯಲಾಗಿ, 2025ರ ನವೆಂಬರ್‌ನಲ್ಲಿ ಡೈರೆಕ್ಟರ್ ಜನರಲ್ ಟಿಮ್ ಡೇವಿ, ನ್ಯೂಸ್ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ರೂ ರಾಜೀನಾಮೆ ಕೊಟ್ರು. ಪೂರ್ತಿ ಭಾಷಣ ಹಂಗೇ ಹಾಕಿದ್ರೆ ಸಾಕಿತ್ತಲ್ರೀ, ಅದರಲ್ಲೇ ಬೇಕಾದಷ್ಟಿತ್ತು.

ತಗೋಬೇಕು ಅನ್ನೋರಿಗೆ: ಪ್ರಿಂಟ್ ಬೇಡ. ನಾನೊಂದು ವೀಕ್ಲಿ ಪ್ರಿಂಟ್‌ಗೆ ಏಜೆಂಟ್ ಮೂಲಕ ಕಟ್ಟಿದ್ದೆ (ಹೆಸರು ಬೇಡ), ಹಳೇ ಸಂಚಿಕೆ ಮೂರು ಒಟ್ಟಿಗೆ ಬರೋದು, ಸುದ್ದಿ ಆಗ್ಲೇ ಹಳಸಿರೋದು. ಡಿಜಿಟಲ್ ತಗೊಳ್ಳೋದಾದ್ರೆ ಕಾರ್ಡ್‌ನಲ್ಲಿ ಆಟೋ ರಿನ್ಯೂ ಆಫ್ ಮಾಡಿ, ಆಫೀಸ್ ಲೈಬ್ರರಿ ಲಾಗಿನ್ ಇದ್ರೆ ಮೊದ್ಲು ಅದರಲ್ಲಿ ಹುಡುಕಿ. ಎಕನಾಮಿಸ್ಟ್ ಇಟ್ಕೊಂಡಿದೀನಿ, ಸಂದರ್ಶನ ಮತ್ತೆ ಅಂಕಿಅಂಶಕ್ಕೆ, ಐದಕ್ಕೆ ನಾಲ್ಕು. ಸ್ಪೀಗೆಲ್ ಎರಡೂವರೆ, ಜರ್ಮನಿ ವಿಷಯಕ್ಕೆ ಮಾತ್ರ ಓದ್ತೀನಿ. ಬಿಬಿಸಿ ಮೂರು. ಗಾರ್ಡಿಯನ್‌ದು ಅಮೆರಿಕದ ಅಭಿಪ್ರಾಯ ಪುಟಕ್ಕೆ ಎರಡು, ಕ್ರಿಕೆಟ್ ಪುಟಕ್ಕೆ ಐದು.